ದೊಡ್ಡ ಗಾಲಿ, ಕುಬಸದ ಬುತ್ತಿ

ಇವತ್ತಿಗೂ ಯಾವುದಾದರೂ ಹಳೆಯ ಕಾರು ದೊಡ್ಡ ಗಾಲಿ ಏರಿಸಿಕೊಂಡು, ತನಗಿಲ್ಲದ ಎತ್ತರ ತೋರಿಸುತ್ತ ಹೋಗುವುದನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಅದನ್ನು ಓಡಿಸುವವನನ್ನು ನಿಲ್ಲಿಸಿ, ಅಪ್ಪಾ, ಇದರೊಳಗೆ ಐದು ಮಂದಿಯನ್ನು ಕೂಡಿಸಿ ಒಮ್ಮೆ ನೋಡಿದ್ದೀಯಾ ಎಂದು ಕೇಳಬೇಕು ಅನಿಸುತ್ತದೆ. ಕೇಳುವುದಿಲ್ಲ. ಕೇಳಿದರೂ ಅವನೇನು ನನ್ನ ಮಾತು ಕಿವಿಗೆ ಹಾಕಿಕೊಳ್ಳುತ್ತಾನೆಯೆ? ನನ್ನ ಗಂಡನೇ ಹಾಕಿಕೊಳ್ಳಲಿಲ್ಲ.

ಕಾರು ನನ್ನ ಅಪ್ಪನದು. ಬಿಳಿ ಬಣ್ಣದ ಸಣ್ಣ ಕಾರು, ಬಾಗಿಲು ಹಾಕಿದರೆ ಡಬ್ಬಿ ಮುಚ್ಚಿದ ಸದ್ದು. ನಾನೂ ತಂಗಿಯೂ ಸಣ್ಣವರಿದ್ದಾಗಲೇ ಅವ್ವ ತೀರಿಹೋದಳು. ತಂಗಿಯ ತಲೆ ಬಾಚಿ, ಜಡೆ ಹಾಕಿ, ಶಾಲೆಗೆ ಕಳಿಸಿ ದೊಡ್ಡವಳನ್ನು ಮಾಡಿದವಳು ನಾನೇ. ಅಪ್ಪ ಅವಳ ಮದುವೆ ನೋಡಿ ಕಣ್ಣು ಮುಚ್ಚಿದ. ಊರಲ್ಲಿದ್ದ ಮನೆ ಬಾಡಿಗೆಯದು, ಅದನ್ನು ಬಿಟ್ಟೆವು. ಕೊನೆಗೆ ತವರು ಅಂತ ಉಳಿದದ್ದು ಜಹೀರಾಬಾದಿನ ನನ್ನ ಮನೆ ಮತ್ತು ಬಾಗಿಲ ಮುಂದೆ ನಿಂತ ಈ ಕಾರು.

ತಂಗಿಯನ್ನು ತಾಂಡೂರಿಗೆ ಕೊಟ್ಟಿತ್ತು. ಮದುವೆಯ ಚಪ್ಪರದಲ್ಲೇ ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಯಾರಿಗೋ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡಿದ್ದೆ. "ಅವ್ವ ಇಲ್ಲದ ಮನಿ. ಮುಂದ ಕುಬಸ, ಬಾಣಂತನ ಅಂದ್ರ ಯಾರು ಮಾಡವ್ರು? ಅಕ್ಕನ ಮನಿ ತವರಾಗ್ತದೇನು?" ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ತಂಗಿ ಬಸುರಿ ಎಂದು ಸುದ್ದಿ ಬಂದ ದಿನವೇ ನಿಶ್ಚಯ ಮಾಡಿದೆ: ಏಳು ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ, ಉಡಿ ತುಂಬಿ, ಆ ಹೆಂಗಸಿನ ಕಣ್ಣೆದುರಿಗೇ ಇವಳನ್ನು ಕರೆದುಕೊಂಡು ಬರುತ್ತೇನೆ. ಚೊಚ್ಚಲ ಹೆರಿಗೆ ನನ್ನ ಮನೆಯಲ್ಲೇ.

ತಂಗಿಗೂ ಅದೇ ಆಸೆ. ಫೋನಿನಲ್ಲಿ ದಿನಾ ಒಂದೇ ಮಾತು. "ಅಕ್ಕಾ, ಅಪ್ಪನ ಗಾಡೀನೇ ತಗೊಂಡು ಬಾ. ಹಿಂದಿನ ಸೀಟಿನ್ಯಾಗ ಕಾಲು ಚಾಚಿ ಮಲಕೊಂಡು ಬರ್ತೀನಿ, ಸಣ್ಣಾಕಿ ಇದ್ದಾಗ ಬರ್ತಿದ್ದೆನಲ್ಲ, ಹಂಗ."

ಅವು ತೆಲಂಗಾಣ ಚಳವಳಿಯ ದಿನಗಳು. ಇವತ್ತು ಬಂದ್, ನಾಳೆ ರಾಸ್ತಾ ರೋಕೋ, ನಾಡಿದ್ದು ರೈಲು ತಡೆ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ನಾರಾಯಣಖೇಡದ ಹತ್ತಿರ ಒಂದು ಹಳ್ಳಿಯಲ್ಲಿ ಕನ್ನಡ ಕಲಿಸುವ ಟೀಚರು. ಬಸ್ಸಿನ ನಂಬಿಕೆ ಹೋದ ಮೇಲೆ ಅಪ್ಪನ ಕಾರನ್ನು ನಾನೇ ಓಡಿಸಿಕೊಂಡು ಹೋಗತೊಡಗಿದ್ದೆ. ಹೆಂಗಸು ಸ್ಟೇರಿಂಗ್ ಹಿಡಿದದ್ದನ್ನು ಕಂಡು ರಾಯಿಕೋಡಿನ ಚಹಾದಂಗಡಿಯವರು ಮೊದಮೊದಲು ಲೋಟ ಕೈಯಲ್ಲಿ ಹಿಡಿದೇ ನೋಡುತ್ತಿದ್ದರು. ಆಮೇಲೆ ಅವರಿಗೂ ಬೇಜಾರಾಯಿತು.

ಒಂದು ದಿನ ರಾಯಿಕೋಡು ದಾಟಿದ ಮೇಲೆ, ಯಾರೋ ರಸ್ತೆ ತಡೆಗೆ ಇಟ್ಟು ತೆಗೆಯದೇ ಬಿಟ್ಟಿದ್ದ ಕಲ್ಲು ಕಾರಿನ ಹೊಟ್ಟೆಗೆ ಬಡಿಯಿತು. ಇಂಜಿನ್ನಿನ ಕೆಳಗಿನ ಎಣ್ಣೆಯ ಡಬ್ಬಿ ಸೀಳಿ, ಎಣ್ಣೆಯೆಲ್ಲ ರಸ್ತೆಯ ಪಾಲಾಯಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಅವತ್ತು ನನ್ನ ಗಂಡ ಕಾರಿನ ಕೆಳಗೆ ಬಗ್ಗಿ ನೋಡಿ, ಎದ್ದು, ಕೈ ಒರೆಸಿಕೊಳ್ಳುತ್ತ ಅಂದದ್ದು: "ಇದು ಭಾಳ ತಗ್ಗದ. ಬಸರಿ ಹೆಣ್ಮಗಳನ್ನ ಇದರಾಗ ಹೆಂಗ ತರ್ತಿ? ದೊಡ್ಡ ಗಾಲಿ ಹಾಕಬೇಕು."

ನನ್ನ ಗಂಡ ಕರೆಂಟ್ ಆಫೀಸಿನಲ್ಲಿ ಗುಮಾಸ್ತ. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಆದರೆ ನೌಕರರ ಮುಷ್ಕರ ಶುರುವಾಗಿ ಆಫೀಸು ಮುಚ್ಚಿತ್ತು. ಬೆಳಿಗ್ಗೆ ಟೆಂಟಿನಲ್ಲಿ ಕೂತು ಘೋಷಣೆ ಕೂಗಿ ಬಂದರೆ ಮಧ್ಯಾಹ್ನದಿಂದ ಕೈಗೆ ಕೆಲಸವಿಲ್ಲ. ಕೆಲಸವಿಲ್ಲದ ಗಂಡಸಿನ ಕೈಗೆ ಸ್ಪ್ಯಾನರು ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಾನು ಆ ಮುಷ್ಕರದಲ್ಲಿ ಕಂಡೆ. ಹೆದ್ದಾರಿಯ ಬದಿಯ ಗ್ಯಾರೇಜಿನಲ್ಲೇ ಊಟ ನಿದ್ದೆ ಎಲ್ಲ. ಯಾವುದೋ ದೊಡ್ಡ ಗಾಡಿಯಿಂದ ಬಿಚ್ಚಿದ, ಹೂವಿನ ಎಸಳಿನಂತೆ ಕಡ್ಡಿಗಳಿದ್ದ ಹೊಳೆಯುವ ಗಾಲಿಗಳು ಅಲ್ಲಿ ಗೋಡೆಗೆ ಆತು ನಿಂತಿದ್ದವು. ಇವರು ಅವನ್ನೇ ನೋಡುತ್ತ ಕೂತರು.

"ಗಾಲಿ ದೊಡ್ಡದು ಮಾಡಬ್ಯಾಡ್ರಿ, ರಸ್ತಾ ನೋಡಿ ಸಾವಕಾಶ ಹೊಡೀತೀನಿ," ಅಂದೆ.

"ನಿನಗ ತಿಳಿಯಂಗಿಲ್ಲ, ಸುಮ್ಕಿರು."

"ನಾನೇ ಓಡಸಾಕಿ, ನನಗ ತಿಳಿಯಂಗಿಲ್ಲೇನು?"

"ಓಡಸೋದು ಬ್ಯಾರೆ, ಫಿಟಿಂಗ್ ಬ್ಯಾರೆ."

ಮರುದಿನ ಶಾಲೆಯಿಂದ ಯಾರದೋ ಬೈಕಿನ ಹಿಂದೆ ಕೂತು ಮನೆಗೆ ಬಂದೆ. ಬಾಗಿಲ ಮುಂದೆ ಅಪ್ಪನ ಕಾರು ಸೊಂಟದ ಮೇಲೆ ಕೈ ಇಟ್ಟುಕೊಂಡ ಹಾಗೆ ನಿಂತಿತ್ತು. ಗಾಲಿಗಳು ಮಡ್‌ಗಾರ್ಡಿನಿಂದ ಹೊರಗೆ ಇಣುಕುತ್ತಿದ್ದವು. ಗ್ಯಾರೇಜಿನವನೂ ಜೊತೆಗೆ ಬಂದು ಹಲ್ಲು ಕಿರಿಯುತ್ತ ನಿಂತಿದ್ದ.

"ಮೇಡಂ, ಏಕದಂ ಜೀಪ್ ಆಗ್ಯದ ನೋಡ್ರಿ! ಕಲ್ಲು ಗಿಲ್ಲು ಏನೂ ಹತ್ತಂಗಿಲ್ಲ. ಬೇಫಿಕರ್ ಹೋಗ್ರಿ."

ಇವರು ಟೈರಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಎರಡು ಬೆರಳು ತೂರಿಸಿ ತೋರಿಸಿದರು. "ನೋಡು, ಎರಡು ಬೆಟ್ಟು ಜಾಗ ಅದ. ಸ್ಟೇರಿಂಗ್ ಈ ಕಡಿ ತಿರುವಿ, ಆ ಕಡಿ ತಿರುವಿ ನೋಡೀವಿ. ಎಲ್ಲೀ ಉಜ್ಜಂಗಿಲ್ಲ."

"ಹಳೇ ಗಾಲಿ ಎಲ್ಲಿ?"

"ಅದಲು ಬದಲು ಮಾಡ್ಕೊಂಡೀವಿ."

"ಸ್ಟೆಪ್ನಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಿಕ್ಕಿಯಲ್ಲಿ ಹಳೆಯ ಸಣ್ಣ ಸ್ಟೆಪ್ನಿ ಹಾಗೇ ಮಲಗಿತ್ತು. ಪಂಕ್ಚರ್ ಆದರೆ ಮೂರು ಕಾಲು ಉದ್ದ, ಒಂದು ಕಾಲು ಗಿಡ್ಡ. ಥೂ, ನಿಮ್ಮ ಫಿಟಿಂಗಿಗೆ ಬೆಂಕಿ ಹಚ್ಚ, ಅಂದೆ. ಗ್ಯಾರೇಜಿನವ ಸಲಾಂ ಹೊಡೆದು ಅಲ್ಲಿಂದ ಕಾಲು ಕಿತ್ತ.

ಓಡಿಸಿ ನೋಡಿದರೆ ಇನ್ನೊಂದು ಪೀಕಲಾಟ. ಅಗಲದ ಟೈರು, ಹಳೆಯ ಕಾಲದ ಸ್ಟೇರಿಂಗು. ತಿರುಗಿಸಬೇಕಾದರೆ ಬೀಸುವ ಕಲ್ಲು ತಿರುಗಿಸಿದ ಹಾಗೆ. ನಾರಾಯಣಖೇಡಕ್ಕೆ ಹೋಗಿ ಬರುವುದರೊಳಗೆ ರಟ್ಟೆ ಬಿದ್ದುಹೋಗುತ್ತಿತ್ತು. ರೊಟ್ಟಿ ಬಡಿಯಲು ಕೈ ಏಳುತ್ತಿರಲಿಲ್ಲ. ಹೇಳಿದರೆ ಇವರು, "ರೂಢಿ ಆಗ್ತದ," ಎಂದರು. ನನಗೆ ರೂಢಿಯಾಗಲಿಲ್ಲ, ಸಿಟ್ಟು ಮಾತ್ರ ರೂಢಿಯಾಯಿತು. ಆದರೂ ಒಂದು ಮಾತು ನಿಜ, ಕಾರಿನ ಹೊಟ್ಟೆಗೆ ಮತ್ತೆ ಕಲ್ಲು ತಾಗಲಿಲ್ಲ. ಇದ್ದರೆ ಇರಲಿ, ತಂಗಿಗೆ ಕುಲುಕಾಡದಿದ್ದರೆ ಸಾಕು ಎಂದುಕೊಂಡೆ.

ಅಷ್ಟರಲ್ಲಿ ದಿನ ಹತ್ತಿರ ಬಂತು. ನಮ್ಮ ಕಡೆ ಬಸುರಿಯನ್ನು ಏಳರಲ್ಲಿ ತವರಿಗೆ ತರಬೇಕು, ಎಂಟು ಹಿಡಿದ ಮೇಲೆ ಊರ ಗಡಿ ದಾಟಿಸಬಾರದು. ಅಮಾವಾಸ್ಯೆ ಕಳೆದರೆ ತಂಗಿಗೆ ಎಂಟು. ಅಮಾವಾಸ್ಯೆಯ ತನಕವೂ ಬಂದ್ ಎಂದು ಕರೆ ಬಂದಿತ್ತು. ಬಂದಿನ ಹಿಂದಿನ ದಿನ ಒಂದೇ ಖಾಲಿ ಇತ್ತು. ಹೋದರೆ ಅವತ್ತು ಹೋಗಬೇಕು, ಇಲ್ಲದಿದ್ದರೆ ಇಲ್ಲ.

ಕುಬಸ ಎಂದರೆ ಸುಮ್ಮನೆ ಹೋಗಿ ಕೈ ಹಿಡಿದು ಕರೆತರುವುದಲ್ಲ. ಐದು ಮಂದಿ ಮುತ್ತೈದೆಯರು ಬುತ್ತಿ ಕಟ್ಟಿಕೊಂಡು ಹೋಗಬೇಕು. ನಾನೂ ಸೇರಿ ಐದು: ನೆರೆಮನೆಯ ಇಬ್ಬರು, ನನ್ನ ಜೊತೆಯ ಟೀಚರೊಬ್ಬಳು, ಮತ್ತು ಗಂಡನ ಚಿಕ್ಕಮ್ಮ. ಈ ಚಿಕ್ಕತ್ತೆ ಗಟ್ಟಿ ಆಳು, ಕೂತರೆ ಇಬ್ಬರ ಜಾಗ ಬೇಕು, ಬಾಯಿ ನಾಲ್ವರದು. ಮೂರು ದಿನ ಒಲೆ ಆರಲಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರಿಗಡಬು, ಗುರೆಳ್ಳು ಹಿಂಡಿ, ಮೊಸರು ಬುತ್ತಿ, ಹಸಿರು ಸೀರೆ, ಹಸಿರು ಬಳೆ. ಬೀಗತಿ ಮೂಗು ಮುರಿಯಲು ಒಂದು ಸಂದೂ ಸಿಗಬಾರದೆಂದು ಬುಟ್ಟಿಗಳನ್ನು ಗಂಟಲ ತನಕ ತುಂಬಿದೆ. ಜಾಗವಿಲ್ಲವೆಂದು ಗಂಡ ಮನೆಯಲ್ಲೇ ಉಳಿದರು, ಬರುವಾಗ ತಂಗಿಗೆ ಜಾಗ ಮಾಡಲು ಇಬ್ಬರು ರೈಲಿಗೆ ಬರುವುದೆಂದು ಮಾತಾಗಿತ್ತು. ಹೊರಡುವಾಗ ಗಾಜಿಗೆ 'ಜೈ ತೆಲಂಗಾಣ' ಚೀಟಿ ಅಂಟಿಸಿ, "ದಾರ್ಯಾಗ ಯಾರೂ ತಡಿಯಂಗಿಲ್ಲ," ಎಂದು ಹಿಗ್ಗಿದರು.

ಯಾರೂ ತಡೆಯಲಿಲ್ಲ, ಖರೆ. ತಡೆದದ್ದು ಗಾಲಿ.

ಬುಟ್ಟಿಗಳನ್ನು ಡಿಕ್ಕಿಗೆ ತುರುಕಿ, ಮೂವರು ಹಿಂದೆ, ಚಿಕ್ಕತ್ತೆ ಮುಂದೆ ಕೂತ ಕೂಡಲೇ ಕಾರು ಉಸ್ಸೆಂದು ಕುಸಿಯಿತು. ನಮ್ಮ ಓಣಿಯ ತಿರುವಿನಲ್ಲೇ ಹಿಂದಿನಿಂದ ಒಂದು ಸದ್ದು: ಕರ್‌ರ್‌ರ್. ಸಾಣೆ ಹಿಡಿದಂತೆ. ಚಿಕ್ಕತ್ತೆ ಎದೆ ಹಿಡಿದುಕೊಂಡು, "ಯವ್ವಾ, ಏನಾತು?" ಅಂದಳು. ಹೆದ್ದಾರಿ ಸಿಕ್ಕ ಮೇಲೆ ಸದ್ದು ನಿಂತಿತು, ಉಸಿರು ಬಿಟ್ಟೆ. ಕೊಹೀರ್ ದಾಟಿ ಒಳದಾರಿ ಹಿಡಿದದ್ದೇ ಶುರು. ತಗ್ಗು ಬಂದರೆ ಕರ್‌ರ್. ದಿಣ್ಣೆ ಬಂದರೆ ಕರ್‌ರ್. ತಿರುವಿದರೆ ಮುಂದಿನಿಂದ, ನೆಟ್ಟಗೆ ಹೋದರೆ ಹಿಂದಿನಿಂದ. ರಬ್ಬರು ಸುಟ್ಟ ವಾಸನೆ ಹೋಳಿಗೆಯ ವಾಸನೆಯ ಜೊತೆ ಸೇರಿಕೊಂಡಿತು.

ನಿಲ್ಲಿಸಿ ಇಳಿದು ನೋಡಿದೆ. ಹೆಂಗಸರು ಒಳಗೇ ಕೂತಿದ್ದರು. ಎರಡು ಬೆರಳು ತೂರಿಸಿ ತೋರಿಸಿದ್ದ ಆ ಜಾಗದಲ್ಲಿ ಈಗ ನನ್ನ ಉಗುರೂ ಹೋಗಲಿಲ್ಲ. ಟೈರಿನ ಹೊರಮೈ ಬೆಕ್ಕು ಪರಚಿದ ಹಾಗೆ ಎದ್ದಿತ್ತು. ಆಗ ಹೊಳೆಯಿತು. ಈ ಪುಣ್ಯಾತ್ಮರಿಬ್ಬರೂ ಖಾಲಿ ಕಾರಿಗೆ ಅಳತೆ ಹಿಡಿದಿದ್ದರು! ಹೆಣ್ಣುಮಕ್ಕಳನ್ನು, ಬುತ್ತಿಯನ್ನು ಒಯ್ಯಲೆಂದೇ ಹಾಕಿಸಿದ ಗಾಲಿ. ಆದರೆ ಹೆಣ್ಣುಮಕ್ಕಳನ್ನು ಕೂಡಿಸಿ, ಬುತ್ತಿ ಇಟ್ಟು ನೋಡಬೇಕೆಂದು ಗಂಡಸರಿಗೆ ಹೊಳೆದಿರಲಿಲ್ಲ. ಬುತ್ತಿ ಹೊರುವ ಕೆಲಸ ಅವರದಲ್ಲವಲ್ಲ, ತೂಕ ಹೇಗೆ ಗೊತ್ತಾಗಬೇಕು? ಅಲ್ಲೇ ರಸ್ತೆಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ಕೇಳಲು ಇದ್ದದ್ದು ತೊಗರಿ ಹೊಲ ಮಾತ್ರ.

"ಬೈದ್ರ ಗಾಲಿ ಸಣ್ಣದಾಗ್ತದೇನು? ನಾವು ಇಳಿತೀವಿ ನಡಿ," ಅಂದಳು ಚಿಕ್ಕತ್ತೆ.

ಹಾಗೇ ಆಯಿತು. ತಗ್ಗು ಬಂದಲ್ಲೆಲ್ಲ ಇಳಿಯುವುದು, ನಡೆಯುವುದು, ಹತ್ತುವುದು. ಜರಿ ಸೀರೆಯ ಮುತ್ತೈದೆಯರು ಕಾರಿನ ಹಿಂದೆ ಧೂಳು ತಿನ್ನುತ್ತ ನಡೆದರು. ತಾಂಡೂರು ಹತ್ತಿರ ಬಂದಂತೆ ಕಲ್ಲಿನ ಲಾರಿಗಳು ರಸ್ತೆಯನ್ನು ಉತ್ತು ಹಾಕಿದ್ದವು. ಬೀಗರ ಓಣಿಗೆ ತಿರುಗುವಲ್ಲಿ ಟೈರು ಇನ್ನೊಮ್ಮೆ ಉಜ್ಜಿದರೆ ಹರಿದೇ ಹೋಗುತ್ತದೆ ಅನಿಸಿತು. ಎಲ್ಲರನ್ನೂ ಇಳಿಸಿದೆ, ಬುಟ್ಟಿಗಳನ್ನೂ ಇಳಿಸಿದೆ.

ಬೀಗತಿ ಕಟ್ಟೆಯ ಮೇಲೆ ನಿಂತಿದ್ದಳು. ಅವಳು ಕಂಡದ್ದು ಇಷ್ಟು: ಮುಂದೆ ಖಾಲಿ ಕಾರು, ಅದರೊಳಗೆ ರಾಣಿಯ ಹಾಗೆ ನಾನೊಬ್ಬಳು, ಹಿಂದೆ ಬಿಸಿಲಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಬೆವರು ಸುರಿಸುತ್ತ ನಡೆದು ಬರುವ ನಾಲ್ವರು ಮುತ್ತೈದೆಯರು.

"ಬರ್ರಿ ಬರ್ರಿ," ಅಂದಳು. "ಕಾರಿನ್ಯಾಗ ಬುತ್ತಿ ತಂದೀರೋ, ಬುತ್ತಿ ಹೊತ್ತು ಕಾರಿನ ಮೆರವಣಿಗಿ ಮಾಡೀರೋ?"

ಓಣಿಯೆಲ್ಲ ನಕ್ಕಿತು. ಭೂಮಿ ಬಾಯಿ ಬಿಡಲಿ ಅನಿಸಿತು. ಆದರೆ ತಂಗಿ ಒಳಗಿಂದ ಓಡಿದಂತೆ ಬಂದಳು, ಹೊಟ್ಟೆ ಹಿಡಿದುಕೊಂಡು. ಮುಖ ತುಂಬಿಕೊಂಡಿತ್ತು. ನನ್ನ ಕೈ ಹಿಡಿಯುವ ಮೊದಲು ಕಾರಿನ ಬಾನೆಟ್ಟು ಸವರಿದಳು. ಕಟ್ಟಿ ಸಿದ್ಧವಾಗಿಟ್ಟಿದ್ದ ಬಟ್ಟೆಯ ಚೀಲವನ್ನು ಆಗಲೇ ತಂದು ಹಿಂದಿನ ಸೀಟಿನಲ್ಲಿಟ್ಟು, "ನನ್ನ ಜಾಗ ಹಿಡದೀನಿ," ಎಂದು ನಕ್ಕಳು.

ಕುಬಸ ಚೆನ್ನಾಗಿಯೇ ಆಯಿತು. ಹಸಿರು ಸೀರೆಯಲ್ಲಿ ತಂಗಿ ಅವ್ವನ ಹಾಗೆಯೇ ಕಂಡಳು, ನನಗೆ ಕಣ್ಣು ತುಂಬಿ ಆರತಿ ತಟ್ಟೆ ಕಾಣಲಿಲ್ಲ. ಬುತ್ತಿಯನ್ನು ಓಣಿಗೆಲ್ಲ ಹಂಚಿದರು, ಹೋಳಿಗೆಯನ್ನು ಬೀಗತಿಯೂ ಎರಡನೆಯ ಸಲ ಹಾಕಿಸಿಕೊಂಡಳು. ಗೆದ್ದೆ ಅಂದುಕೊಂಡೆ. "ಇನ್ನ ಹೊರಡ್ತೀವ್ರಿ," ಎಂದು ಎದ್ದೆ.

"ಹೊರಡ್ರಿ. ಸೊಸಿನ್ನ ಮಾತ್ರ ಕಳಸಂಗಿಲ್ಲ."

"ಯಾಕ್ರಿ?"

"ಕಣ್ಣಾರ ನೋಡೀನಲ್ಲ. ಗಟ್ಟಿಮುಟ್ಟ ಹೆಣ್ಮಕ್ಕಳನ್ನೇ ನಡಸ್ಕೊಂಡು ಬಂದ ಗಾಡಿ, ನನ್ನ ಬಸರಿ ಸೊಸಿನ್ನ ನಡು ಅಡವ್ಯಾಗ ಇಳಸಂಗಿಲ್ಲ ಅಂತ ಏನು ಖಾತ್ರಿ?"

"ಬುತ್ತಿ ಖಾಲಿ ಆಗ್ಯದ್ರಿ. ಇವರನ್ನ ರೈಲಿಗೆ ಕಳಸ್ತೀನಿ. ನಾವಿಬ್ರೇ ಹೋಗ್ತೀವಿ. ಹಗುರಾದ್ರ ಉಜ್ಜಂಗಿಲ್ಲ."

"ಹಂಗ್ಯಾಂಗ? ಐದು ಮಂದಿ ಬಂದು ಉಡಿ ತುಂಬೀರಿ, ಐದು ಮಂದಿ ನಡುವನೇ ಹೋಗಬೇಕು. ಒಬ್ಬಾಕಿ ಜೋಡಿ ಕಳಸಾಕ ಆಕಿಗೆ ಯಾರೂ ಇಲ್ಲೇನು?"

ಐವರ ಜೊತೆ ಹೋಗಬೇಕು, ಐವರು ಕೂತರೆ ಕಾರು ಹೋಗುವುದಿಲ್ಲ. ಇಬ್ಬರೇ ಕೂತರೆ ಕಾರು ಹೋಗುತ್ತದೆ, ಇಬ್ಬರೇ ಹೋಗುವ ಹಾಗಿಲ್ಲ. ಎಲ್ಲರೂ ರೈಲಿಗೆ ಹೋಗೋಣ ಎಂದರೆ, ರೈಲನ್ನು ನಡುದಾರಿಯಲ್ಲಿ ನಿಲ್ಲಿಸಿದರೆ ಬಸುರಿಯ ಗತಿಯೇನು ಎಂದಳು. ಅದೂ ಸುಳ್ಳಲ್ಲ. ಬಾಡಿಗೆಯ ಜೀಪು ಕೇಳಿದರೆ, ನಾಳೆ ಬಂದ್, ಅಷ್ಟು ದೂರ ಹೋಗಿ ಸಿಕ್ಕಿಬೀಳಲು ಯಾರೂ ತಯಾರಿರಲಿಲ್ಲ. ತಂಗಿಯ ಗಂಡನಾದರೂ ಒಂದು ಮಾತು ಆಡುತ್ತಾನೋ ಎಂದರೆ ಅವನು ಚಳವಳಿಯ ಟೆಂಟಿನಲ್ಲಿ ಸರದಿ ಉಪವಾಸಕ್ಕೆ ಕೂತಿದ್ದ. ಅಲ್ಲಿಗೇ ಹೋಗಿ ಕೇಳಿದೆ. ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡೇ, "ಅವ್ವ ಅಂದಂಗ ಮಾಡ್ರಿ ಅಕ್ಕಾರ," ಅಂದ. ಆ ಹಾರ ಕಿತ್ತು ಅವನ ಬಾಯಿಗೆ ತುರುಕಬೇಕು ಅನಿಸಿತು.

ಕಾಲು ಹಿಡಿಯುವುದೊಂದು ಬಾಕಿ ಇತ್ತು, ಅದನ್ನೂ ಮಾಡಿದೆ. ಬೀಗತಿ ಹಿಂದೆ ಸರಿದು, ಈ ಸಲ ಮೆತ್ತಗೆ, "ನೀ ಕೆಟ್ಟಾಕಿ ಅಂತ ಅಲ್ಲವ್ವ. ಗಾಡಿ ನೆಟ್ಟಗಿಲ್ಲ," ಅಂದಳು. ಆ ಮೆತ್ತಗಿನ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವಳು ಕೆಟ್ಟವಳೇ ಆಗಿದ್ದರೆ ಜಗಳವಾದರೂ ಆಡಬಹುದಿತ್ತು.

ತಂಗಿ ಅತ್ತೆಯ ಹಿಂದೆ ಗೋಡೆಗೆ ಆತು ನಿಂತಿದ್ದಳು. ಅಳಲಿಲ್ಲ. ಕಾರನ್ನೇ ನೋಡುತ್ತ, "ಅಕ್ಕಾ, ಅಪ್ಪ ಇದ್ದಾಗಿನ ಗಾಲಿ ಎಲ್ಲಿ ಅವ?" ಎಂದು ಮಾತ್ರ ಕೇಳಿದಳು.

ಕೂಸು ತಾಂಡೂರಿನಲ್ಲೇ ಹುಟ್ಟಿತು. ಹೆಣ್ಣು, ಗುಂಡುಕಲ್ಲಿನ ಹಾಗಿದ್ದಳು, ಬೀಗತಿ ಬಾಣಂತನವನ್ನು ಚೆನ್ನಾಗಿಯೇ ಮಾಡಿದಳು. ಎಲ್ಲ ಸರಿ. ಆದರೆ ಚೊಚ್ಚಲ ಹೆರಿಗೆ ಒಂದೇ ಸಲ, ಅದು ತಿರುಗಿ ಬರುವುದಿಲ್ಲ.

ಆ ಕುಬಸದ ದಿನ ಮುತ್ತೈದೆಯರು ನಾಲ್ವರೂ ಮತ್ತೆ ಆ ಕಾರು ಹತ್ತಲು ಒಪ್ಪಲಿಲ್ಲ. ಚಿಕ್ಕತ್ತೆಯಂತೂ, "ರೈಲು ನಿಂತ್ರ ಹಳಿ ಮ್ಯಾಲೆ ಮಲಕೋತೀನಿ, ಇದನ್ನ ಮಾತ್ರ ಹತ್ತಂಗಿಲ್ಲ," ಎಂದು ಸ್ಟೇಷನ್ನಿನ ದಾರಿ ಹಿಡಿದಳು. ನಾನೊಬ್ಬಳೇ ಹೊರಟೆ.

ಬುತ್ತಿ ಇಲ್ಲ, ಮಂದಿ ಇಲ್ಲ. ಕಾರು ಎದ್ದು ನಿಂತು ಹೂವಿನ ಹಾಗೆ ಓಡಿತು. ಅದೇ ತಗ್ಗು, ಅದೇ ದಿಣ್ಣೆ, ಒಂದಕ್ಕೂ ಸದ್ದಿಲ್ಲ. ನಡುವೆ ಒಂದು ಕಡೆ ಬೇಕೆಂದೇ ತಗ್ಗಿಗೆ ಇಳಿಸಿದೆ. ಉಜ್ಜು, ಈಗ ಉಜ್ಜು ನೋಡೋಣ ಅಂದೆ. ಉಜ್ಜಲಿಲ್ಲ. ಸ್ಟೇರಿಂಗಿನ ಮೇಲೆ ತಲೆ ಇಟ್ಟು ಅತ್ತೆ. ಗಂಡ ಎಷ್ಟೋ ಸಲ ಫೋನ್ ಮಾಡಿದರು, ಎತ್ತಲಿಲ್ಲ. ಏನೆಂದು ಹೇಳುವುದು?

ಹೊತ್ತು ಮುಳುಗುವ ಮೊದಲೇ ಜಹೀರಾಬಾದ್ ಮುಟ್ಟಿದೆ. ಇವರು ಬಾಗಿಲಲ್ಲೇ ಕಾಯುತ್ತಿದ್ದರು, ಕೈಯಲ್ಲಿ ಅಡುಗೆಮನೆಯ ಕಟ್ಟಿಗೆಯ ಮಣೆ. ದೊಡ್ಡ ಗಾಲಿಯಿಂದ ಕಾರು ಎತ್ತರವಾಗಿದೆಯಲ್ಲ, ಬಸುರಿಗೆ ಇಳಿಯಲು ತ್ರಾಸಾಗಬಾರದೆಂದು. ಕಾರು ನಿಲ್ಲುವುದಕ್ಕೂ ಬಿಡದೆ ಕಿಟಕಿಗೆ ಬಗ್ಗಿದರು.

"ಉಜ್ಜಿತೇನು?"

"ಬರುವಾಗ ಇಲ್ಲ."

"ನಾ ಹೇಳಿದ್ನಿಲ್ಲೋ!" ಎಂದರು. ಮುಖ ಅರಳಿತು. ಹಿಂದಿನ ಬಾಗಿಲಿಗೆ ಹೋಗಿ ಮಣೆಯನ್ನು ನೆಲಕ್ಕಿಟ್ಟು, ಅಲುಗಾಡುತ್ತದೋ ಎಂದು ಕಾಲಿನಿಂದ ಒತ್ತಿ ನೋಡಿ, "ಸಾವಕಾಶ ಇಳಿ ತಂಗಿ," ಎನ್ನುತ್ತ ಬಾಗಿಲು ತೆರೆದರು.

ಸೀಟಿನ ಮೇಲೆ ಅವಳ ಬಟ್ಟೆಯ ಚೀಲ ಇತ್ತು. ಜಗಳದ ಗದ್ದಲದಲ್ಲಿ ಅದನ್ನು ಇಳಿಸಿಕೊಳ್ಳುವುದನ್ನು ಎಲ್ಲರೂ ಮರೆತಿದ್ದೆವು.